ಟರ್ಬೊ ಕಾರಿಗೆ ಕಿಡಿ ಮೊದಲೋ, ಪೆಟ್ರೋಲ್ ಮೊದಲೋ? ಅಪ್‌ಗ್ರೇಡ್ ಆರಿಸುವ ಬಗೆ

ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಕಾರು ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ. ರೀಮ್ಯಾಪ್, ಅಂದರೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವ ಕೆಲಸ, ಮಾಡಿಸಿ ಮೂರು ವಾರ ಆಗಿತ್ತು. ಒಳಗೆ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಮುಂದಿದ್ದ ಲಾರಿಯನ್ನು ದಾಟೋಣ ಅಂತ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 3500 ಆರ್‌ಪಿಎಂ ಹತ್ತಿರ ಕಾರು ಕೆಮ್ಮಿದ ಹಾಗೆ ತಡವರಿಸಿತು. ಮತ್ತೆ ಒತ್ತಿದೆ, ಮತ್ತೆ ಕೆಮ್ಮು. ಚೆಕ್ ಎಂಜಿನ್ ದೀಪ ಮಿಣುಕತೊಡಗಿತು. ಕಾಲು ತೆಗೆದೆ, ಲಾರಿ ಹಿಂದೆಯೇ ಸಕಲೇಶಪುರದವರೆಗೆ ಬಂದೆ.

ಬೆಂಗಳೂರಿನಲ್ಲಿ ಒಂದು ಗ್ಯಾರೇಜಿಗೆ ಕೊಟ್ಟೆ. ಫ್ಯುಯೆಲ್ ಪಂಪ್ ಸಾಲ್ತಿಲ್ಲ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕೂಡ ಬದಲಿಸಬೇಕು ಅಂತ ಅರವತ್ತು ಸಾವಿರದ ಲೆಕ್ಕ ಬರೆದುಕೊಟ್ಟರು. ಮನಸ್ಸು ಒಪ್ಪಲಿಲ್ಲ. ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಅವರ ಬಳಿ ಹೋದೆ. ಅವರು ಲ್ಯಾಪ್‌ಟಾಪ್ ತೆಗೆಯುವ ಮೊದಲೇ ಮೂರು ಸ್ಪಾರ್ಕ್ ಪ್ಲಗ್ ಬಿಚ್ಚಿ, ತುದಿಗಳ ನಡುವಿನ ಅಂತರ ಅಳೆಯಲು ಜೇಬಿನಿಂದ ಫೀಲರ್ ಗೇಜ್ (ತೆಳು ಲೋಹದ ಎಲೆಗಳ ಕಟ್ಟು) ತೆಗೆದರು. 0.8 ಎಂಎಂ ಎಲೆ ಸಲೀಸಾಗಿ ಹೋಯಿತು. 0.9 ಹೋಯಿತು. 1.0 ಕೂಡ ಒಂಚೂರು ತಾಗುತ್ತಾ ನುಗ್ಗಿತು. "ಇಷ್ಟು ದೂರ ಕಿಡಿ ಹಾರಬೇಕು ಅಂದ್ರೆ ಹೇಗಪ್ಪಾ? ಒಳಗೆ ಒತ್ತಡ ಬೇರೆ ಜಾಸ್ತಿ ಮಾಡಿಸಿದ್ದೀಯ" ಅಂದರು. ಹೊಸ ಪ್ಲಗ್ ಮೂರು, 0.7 ಎಂಎಂ ಅಂತರ. ಎರಡು ಸಾವಿರ ಚಿಲ್ಲರೆ ಖರ್ಚು. ಕೆಮ್ಮು ನಿಂತಿತು.

ಈ ಲೇಖನ ಬರೆಯೋದಕ್ಕೆ ಅದೇ ಕಾರಣ. ಟರ್ಬೊ ಕಾರಿನಲ್ಲಿ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಕಾರಿನಲ್ಲಿ, ಕಿಡಿ ಮತ್ತು ಪೆಟ್ರೋಲ್ ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆ. ಯಾವುದು ಕೈಕೊಡುತ್ತಿದೆ ಅಂತ ಅಳೆದು ನೋಡದೆ ಬಿಡಿಭಾಗ ಕೊಂಡರೆ ದುಡ್ಡೂ ಹೋಗುತ್ತದೆ, ತೊಂದರೆಯೂ ಹಾಗೇ ಉಳಿಯುತ್ತದೆ. ನಾನು ಈಗ ಅನುಸರಿಸುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ನನ್ನ ಪೋಲೊ ಇಟ್ಟುಕೊಂಡಿದ್ದೇನೆ. ಲೆಕ್ಕಾಚಾರ ಬೇರೆ ಟರ್ಬೊ ಪೆಟ್ರೋಲ್ ಕಾರುಗಳಿಗೂ ಬಹುಪಾಲು ಇದೇ.

ಮೊದಲು: ಎಷ್ಟು ಬೇಕು, ಎಷ್ಟು ತಡೆಯುತ್ತೆ

ಈ ಪೋಲೊ 2020ರಲ್ಲಿ ಬಂತು. 999 ಸಿಸಿ, ಮೂರು ಸಿಲಿಂಡರ್, 110 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಬರೀ ಸಾಫ್ಟ್‌ವೇರ್ ಬದಲಿಸಿದರೂ ಟಾರ್ಕ್ 200 ದಾಟುತ್ತದೆ. ಆದರೆ ಇದರ ಮ್ಯಾನುಯಲ್ ಗೇರ್‌ಬಾಕ್ಸ್ ಹೆಸರು ಎಂಕ್ಯೂ200. ಹೆಸರಿನಲ್ಲಿರುವ 200 ಅದು ತಡೆಯುವ ಟಾರ್ಕ್‌ನ ಅಂದಾಜು. ಡಿಕ್ಯೂ200 ಅನ್ನೋ ಏಳು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ (ಡಿಎಸ್‌ಜಿ) ಮಾತ್ರ ಈ ಲೆಕ್ಕ ಸರಿಹೋಗಲ್ಲ, ಅದರ ಮಿತಿ 250. ಎಂಜಿನ್ ಕೊಟ್ಟಿದ್ದನ್ನು ಕ್ಲಚ್, ಗೇರ್‌ಬಾಕ್ಸ್ ತಡೆಯದಿದ್ದರೆ ಒಳ್ಳೆ ಪ್ಲಗ್, ಒಳ್ಳೆ ಪಂಪ್ ಹಾಕಿ ಏನು ಬಂತು, ಅಲ್ವಾ? ಹಾಗಾಗಿ ಗುರಿಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಚೀಟಿಯಲ್ಲಿ "ಘಾಟಿಯಲ್ಲಿ ನಾಲ್ಕು ಜನರ ಜೊತೆ ಸಲೀಸಾಗಿ ಲಾರಿ ದಾಟಬೇಕು" ಅಂತಿತ್ತು. ಅದಕ್ಕೆ ದೊಡ್ಡ ಟರ್ಬೊ ಬೇಡ, ದೊಡ್ಡ ಇಂಜೆಕ್ಟರ್ ಬೇಡ.

ಎರಡನೆಯದು: ಬಿಚ್ಚುವ ಮೊದಲು ಲಾಗ್

ಲಾಗ್ ಅಂದರೆ ಕಾರು ಓಡುತ್ತಿರುವಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಏನು ನೋಡುತ್ತಿದೆ, ಏನು ಮಾಡುತ್ತಿದೆ ಅನ್ನೋದರ ದಾಖಲೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಿಗೆ ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಅನ್ನೋ ಸ್ಕ್ಯಾನರ್ ಸಾಕು. ಬೇರೆ ಕಾರಿಗೆ ಒಳ್ಳೆಯ ಒಬಿಡಿ ಡಾಂಗಲ್ ಮತ್ತು ಮೊಬೈಲ್ ಆ್ಯಪ್‌ನಿಂದ ಒಂದಷ್ಟು ಸಿಗುತ್ತದೆ.

ಇವಿಷ್ಟನ್ನು ಒಟ್ಟಿಗೆ ದಾಖಲಿಸಿ: ಆರ್‌ಪಿಎಂ, ಇಸಿಯು ಕೇಳಿದ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮತ್ತು ಸಿಕ್ಕ ಬೂಸ್ಟ್, ಒಳಬರುವ ಗಾಳಿಯ ಬಿಸಿ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ; 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ), ಕೇಳಿದ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಪೆಟ್ರೋಲಿನ ಒತ್ತಡ) ಮತ್ತು ಸಿಕ್ಕ ರೈಲ್ ಪ್ರೆಶರ್, ಒಂದೊಂದು ಸಿಲಿಂಡರಿನಲ್ಲೂ ಇಸಿಯು ಎಷ್ಟು ಡಿಗ್ರಿ ಟೈಮಿಂಗ್ (ಕಿಡಿ ಹಾರುವ ಕ್ಷಣ) ಹಿಂದಕ್ಕೆಳೆಯಿತು, ಮಿಸ್‌ಫೈರ್ (ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದಿರೋದು) ಎಣಿಕೆ. ಪೂರ್ತಿ ಆಕ್ಸಿಲರೇಟರ್ ಒತ್ತಿ 2000ದಿಂದ 6000ದವರೆಗೆ ಒಂದೇ ಗೇರಿನಲ್ಲಿ ಎಳೆಯಬೇಕು. ಇದನ್ನು ರಿಂಗ್ ರೋಡಿನಲ್ಲಿ ಮಾಡಬೇಡಿ. ಡೈನೊ (ನಿಂತಲ್ಲೇ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿಸಿ. ಇಲ್ಲದಿದ್ದರೆ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ದಿನ ಇದ್ದಾಗ ಹೋಗಿ ಮಾಡಿ.

ಲಾಗ್ ಓದೋದು ಕಷ್ಟ ಏನಲ್ಲ. ಮಿಸ್‌ಫೈರ್ ಎಣಿಕೆ ಒಂದೇ ಸಿಲಿಂಡರಿನಲ್ಲಿ ಏರುತ್ತಿದ್ದರೆ ಅಲ್ಲಿನ ಪ್ಲಗ್, ಕಾಯಿಲ್ (ಕಿಡಿಗೆ ವೋಲ್ಟೇಜ್ ಕೊಡುವ ಭಾಗ), ಇಂಜೆಕ್ಟರ್ ಈ ಮೂರರಲ್ಲಿ ಒಂದರ ಮೇಲೆ ಅನುಮಾನ. ಎಲ್ಲ ಸಿಲಿಂಡರಿನಲ್ಲೂ ಟೈಮಿಂಗ್ ಪದೇ ಪದೇ ನಾಲ್ಕೈದು ಡಿಗ್ರಿ ಹಿಂದೆ ಹೋಗುತ್ತಿದ್ದರೆ ಪೆಟ್ರೋಲಿನ ಆಕ್ಟೇನ್ ಸಾಲ್ತಿಲ್ಲ, ಗಾಳಿ ತುಂಬ ಬಿಸಿ ಅಥವಾ ಮ್ಯಾಪ್ (ಇಸಿಯುವಿಗೆ ಬರೆದ ಲೆಕ್ಕದ ಕೋಷ್ಟಕ) ಅತಿ ಆಸೆಯದು. ಅಲ್ಲೊಂದು ಇಲ್ಲೊಂದು ಕಡೆ ಒಂದೆರಡು ಡಿಗ್ರಿ ಹಿಂದೆ ಹೋದರೆ ಹೆದರಬೇಕಿಲ್ಲ. ರೈಲ್ ಪ್ರೆಶರ್ ಕೇಳಿದ್ದಕ್ಕಿಂತ ಕೆಳಗೆ ಬೀಳುತ್ತಾ ಹೋದರೆ ಮಾತ್ರ ಪಂಪಿನ ಮಾತು. ನನ್ನ ಕಾರಿನಲ್ಲಿ ಅದು ಒಂಚೂರೂ ಬಿದ್ದಿರಲಿಲ್ಲ. ಆ ಅರವತ್ತು ಸಾವಿರದ ಲೆಕ್ಕ ಬರೆದವರು ಲಾಗ್ ನೋಡೇ ಇರಲಿಲ್ಲ.

ಮೂರನೆಯದು: ಪ್ಲಗ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪ್ರಯೋಜನ ಇರೋದು ಇಲ್ಲೇ.

ಎರಡು ತುದಿಗಳ ನಡುವೆ ಕಿಡಿ ಹಾರಬೇಕಾದರೆ ಬೇಕಾದ ವೋಲ್ಟೇಜ್ ಎರಡು ವಿಷಯದ ಮೇಲೆ ನಿಂತಿದೆ. ಒಂದು ಅಂತರ, ಇನ್ನೊಂದು ಅಲ್ಲಿರುವ ಗಾಳಿಯ ಒತ್ತಡ. ಬೂಸ್ಟ್ ಏರಿಸಿದಿರಿ ಅಂದರೆ ಸಿಲಿಂಡರಿನ ಒತ್ತಡ ಏರಿತು, ಕಾಯಿಲ್ ಮಾತ್ರ ಹಳೆಯದೇ. ಅದರ ಶಕ್ತಿ ಸಾಲದಾದಾಗ ಕಿಡಿ ಹಾರೋದೇ ಇಲ್ಲ. ಆಗ ಅಂತರ ಕಡಿಮೆ ಮಾಡಬೇಕು. ಬೂಸ್ಟ್ ಏರಿಸಿದ ಕಾರುಗಳಲ್ಲಿ 0.6ರಿಂದ 0.8 ಎಂಎಂ ನಡುವೆ ಇಡೋದು ವಾಡಿಕೆ. ತೀರಾ ಕಡಿಮೆ ಮಾಡಿದರೆ ಕಿಡಿ ಚಿಕ್ಕದಾಗಿ ಐಡಲ್ (ಕಾರು ನಿಂತಿರುವಾಗಿನ ಎಂಜಿನ್ ಓಟ) ಒರಟಾಗುತ್ತದೆ. ನಾನು 0.7ರಲ್ಲಿ ನಿಂತಿದ್ದೇನೆ. ಇನ್ನೊಂದು ಮಾತು: ಪ್ಲಗ್ ಸವೆದಂತೆ ಅಂತರ ತಾನಾಗಿ ದೊಡ್ಡದಾಗುತ್ತದೆ. ನನ್ನವು 40 ಸಾವಿರ ಕಿಲೋಮೀಟರ್ ಓಡಿದ್ದವು. ಕಂಪನಿ ಬೂಸ್ಟಿಗೆ ಅವು ಇನ್ನೂ ಸಾಕಾಗಿದ್ದವು, ಹೊಸ ಬೂಸ್ಟಿಗೆ ಸಾಕಾಗಲಿಲ್ಲ.

ಅಂತರ ಸರಿಪಡಿಸುವಾಗ ನೆಲದ ತುದಿಯನ್ನು, ಅಂದರೆ ಬಾಗಿದ ಪಟ್ಟಿಯನ್ನು ಮಾತ್ರ ಒತ್ತಿ. ಇರಿಡಿಯಂ ಪ್ಲಗ್ಗಿನ ನಡುವಿನ ಸೂಜಿ ಕೂದಲಿನಷ್ಟು ಸೂಕ್ಷ್ಮ. ಅದಕ್ಕೆ ಗೇಜ್ ಊರಿ ಮೀಟಿದರೆ ಮುರಿಯುತ್ತದೆ, ತುಣುಕು ಸಿಲಿಂಡರಿಗೆ ಬೀಳುತ್ತದೆ. ನಾಣ್ಯದ ಆಕಾರದ ಗೇಜ್ ಇರಿಡಿಯಂಗೆ ಬೇಡವೇ ಬೇಡ.

ಇನ್ನು ಹೀಟ್ ರೇಂಜ್. ಪ್ಲಗ್ಗಿನ ತುದಿ ಎಷ್ಟು ಬೇಗ ಬಿಸಿಯನ್ನು ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತದೆ ಅನ್ನೋದರ ಅಳತೆ ಅದು. ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟು ಹೋಗಲ್ಲ, ಪ್ಲಗ್ ಕಪ್ಪಾಗಿ ಕಟ್ಟುತ್ತದೆ. 850 ಡಿಗ್ರಿ ದಾಟಿದರೆ ಕಿಡಿಗೆ ಮೊದಲೇ ಆ ತುದಿಯೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ತೂತಾಗೋದು ಇಂಥದ್ದರಿಂದಲೇ. ಶಕ್ತಿ ಗಣನೀಯವಾಗಿ ಏರಿಸಿದರೆ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ ಹಾಕುವುದು ರೂಢಿ. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟೂ ತಣ್ಣಗೆ, 6ಕ್ಕಿಂತ 7 ತಣ್ಣನೆಯದು. ಬಾಷ್‌ನಲ್ಲಿ ತಿರುಗಾಮುರುಗಾ, ಸಂಖ್ಯೆ ಇಳಿದಷ್ಟೂ ತಣ್ಣಗೆ. ಡೆನ್ಸೊದಲ್ಲಿ 20, 22, 24 ಅಂತ ಹೋಗುತ್ತದೆ, ಅವು ಹೆಚ್ಚುಕಮ್ಮಿ ಎನ್‌ಜಿಕೆಯ 6, 7, 8ಕ್ಕೆ ಸಮ. ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹಾರುವಾಗ ಇದನ್ನು ಮರೆತರೆ ಅನಾಹುತ.

ಹಾಗಂತ ಬರೀ ಸಾಫ್ಟ್‌ವೇರ್ ಬದಲಿಸಿ ದಿನಾ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಲ್ಲುವ ಕಾರಿಗೆ ತಣ್ಣನೆಯ ಪ್ಲಗ್ ಹಾಕಿದರೆ ಮಸಿ ಹಿಡಿಯುತ್ತದೆ. ನಾನು ಕಂಪನಿ ಹೀಟ್ ರೇಂಜನ್ನೇ ಉಳಿಸಿಕೊಂಡೆ, ಅಂತರ ಮಾತ್ರ ಕಡಿಮೆ ಮಾಡಿದೆ. ಟ್ರ್ಯಾಕಿಗೆ ಹೋಗುವವರಿಗೆ ಒಂದು ಮೆಟ್ಟಿಲು ತಣ್ಣನೆಯದು ಹಾಕೋದು ಸರಿ.

ಬಿಗಿ ಮಾಡುವಾಗ ಟಾರ್ಕ್ ರೆಂಚ್ ಬಳಸಿ, ಎಷ್ಟು ಅನ್ನೋದು ಮ್ಯಾನುಯಲ್‌ನಲ್ಲಿದೆ. ಲೇಪನವಿರುವ ಪ್ಲಗ್ಗಿನ ತಿರುಪಿನ ಗೆರೆಗಳಿಗೆ (ಥ್ರೆಡ್) ಗ್ರೀಸ್ ತರಹದ ಆ್ಯಂಟಿ ಸೀಜ್ ಹಚ್ಚಬೇಡಿ ಅಂತ ಎನ್‌ಜಿಕೆಯೇ ಹೇಳುತ್ತದೆ. ಜಾರಿಕೆ ಜಾಸ್ತಿಯಾಗಿ ಅಳತೆ ಮೀರಿ ಬಿಗಿಯಾಗುತ್ತದೆ. ನಕಲಿ ಪ್ಲಗ್ಗಿನ ಕಾಟವೂ ಇದೆ. ಬಿಲ್ ಕೊಡುವ ಅಧಿಕೃತ ಮಾರಾಟಗಾರರ ಹತ್ತಿರವೇ ತಗೊಳ್ಳಿ.

ಕಾಯಿಲ್ ವಿಷಯ

ಕೆಂಪು ಬಣ್ಣದ ಕಾಯಿಲ್ ಹಾಕಿದರೆ ಹತ್ತು ಕುದುರೆ ಜಾಸ್ತಿ ಬರುತ್ತೆ ಅನ್ನೋ ಮಾತು ಕೇಳಿರುತ್ತೀರಿ. ಬರಲ್ಲ. ಕಿಡಿ ಸರಿಯಾಗಿ ಹಾರುತ್ತಿದ್ದರೆ ಅದಕ್ಕಿಂತ ದಪ್ಪ ಕಿಡಿಯಿಂದ ಹೊಸ ಶಕ್ತಿ ಹುಟ್ಟೋದಿಲ್ಲ. ಹಳೆಯ ಕಾಯಿಲ್ ಸೋತಿದ್ದರೆ ಹೊಸದು ಕಳೆದುಹೋದ ಶಕ್ತಿಯನ್ನು ವಾಪಸ್ ತರುತ್ತದೆ, ಅಷ್ಟೇ.

ಕಾಯಿಲ್ ಸೋತಿದೆಯಾ ಅಂತ ತಿಳಿಯೋಕೆ ದುಡ್ಡು ಬೇಡ. ಸ್ಕ್ಯಾನರ್ ಪಿ0302 ತೋರಿಸಿತು ಅಂದುಕೊಳ್ಳಿ, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಎಂಜಿನ್ ಆರಿಸಿ, ಎರಡನೆಯ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ತಪ್ಪು ಕಾಯಿಲ್‌ದು. ಪಿ0302 ಅಲ್ಲೇ ಇದ್ದರೆ ಅದೇ ಆಟವನ್ನು ಪ್ಲಗ್ ಬದಲಿಸಿ ಆಡಿ. ಆಗಲೂ ಜಾಗ ಬದಲಾಗದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ಕಡೆ ನೋಡಬೇಕು. ಚೆಕ್ ಎಂಜಿನ್ ದೀಪ ಮಿಣುಕುತ್ತಿರುವಾಗ ಮಾತ್ರ ಜೋರಾಗಿ ಓಡಿಸಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ.

ನಾಲ್ಕನೆಯದು: ನಿಮಗೆ ನಿಜವಾಗಿ ಸಿಗುವ ಪೆಟ್ರೋಲ್

ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಎಕ್ಸ್‌ಪಿ100 ತಂದಿತು, 100 ಆಕ್ಟೇನಿನದು. ಎಕ್ಸ್‌ಪಿ95 ಅದಕ್ಕಿಂತ ಹೆಚ್ಚು ಕಡೆ ಸಿಗುತ್ತದೆ. ಆಕ್ಟೇನ್ ಅಂದರೆ ಶಕ್ತಿಯಲ್ಲ, ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ಆ ತಾಳ್ಮೆ ಇದ್ದಷ್ಟೂ ಟೈಮಿಂಗ್ ಮುಂದಕ್ಕೆ ಇಡಬಹುದು, ಬೂಸ್ಟ್ ಏರಿಸಬಹುದು.

ಟ್ಯೂನರ್, ಅಂದರೆ ಮ್ಯಾಪ್ ಬರೆಯುವವರು, ಕೇಳುವ ಮೊದಲ ಪ್ರಶ್ನೆ "ಯಾವ ಪೆಟ್ರೋಲ್ ಹಾಕ್ತೀರಿ?" ಅನ್ನೋದು. ನಿಮ್ಮ ಅತ್ಯುತ್ತಮ ದಿನದ ಪೆಟ್ರೋಲ್ ಹೇಳಬೇಡಿ, ಅತಿ ಕೆಟ್ಟ ದಿನದ್ದು ಹೇಳಿ. ಬೆಂಗಳೂರಿನಲ್ಲಿ 100 ಸಿಗಬಹುದು. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವಾಗ ಟ್ಯಾಂಕ್ ಖಾಲಿಯಾದರೆ ಸಿಕ್ಕ ಬಂಕಿನ ಮಾಮೂಲಿ ಪೆಟ್ರೋಲೇ ಗತಿ. 100ಕ್ಕೆ ಬರೆದ ಮ್ಯಾಪಿನಲ್ಲಿ ಅದನ್ನು ಹಾಕಿ ಘಾಟಿ ಹತ್ತಿದರೆ ನಾಕ್ (ಮಿಶ್ರಣ ತಾನಾಗಿ ಸಿಡಿಯೋದು) ಪತ್ತೆಹಚ್ಚುವ ಸೆನ್ಸರ್ ಒಂದೇ ನಿಮ್ಮ ಪಿಸ್ಟನ್ನಿಗೆ ಕಾವಲು. ನಾನು 95ಕ್ಕೆ ಮಾಡಿಸಿದ್ದೇನೆ.

ಎಥೆನಾಲ್ ಇನ್ನೊಂದು ವಿಷಯ. 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಶೇ. 20 ಎಥೆನಾಲ್ ಬೆರೆತ ಇ20 ಬಂದಿದೆ. ಶುದ್ಧ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಸಾಕು. ಬೆರೆತಾಗ ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅದನ್ನು ಸರಿದೂಗಿಸುತ್ತದೆ, ಇ10ನಿಂದ ಇ20ಗೆ ಬಂದಾಗ ಫ್ಯುಯೆಲ್ ಟ್ರಿಮ್‌ನಲ್ಲಿ (ಆ ಸರಿದೂಗಿಸುವಿಕೆಯ ಅಂಕಿಯಲ್ಲಿ) ಶೇ. 3-4 ಏರಿಕೆ ಕಾಣಬಹುದು. ಶೇ. 10 ದಾಟಿದ್ದರೆ ಎಥೆನಾಲ್ ಮೇಲೆ ಗೂಬೆ ಕೂರಿಸದೆ ಗಾಳಿ ಸೋರಿಕೆ ಹುಡುಕಿ. 2021ರಲ್ಲಿ ಮ್ಯಾಪ್ ಮಾಡಿಸಿದವರು ಈಗಿನ ಪೆಟ್ರೋಲ್ ಹಾಕಿ ಹೊಸದಾಗಿ ಲಾಗ್ ತೆಗೆಸಿ. ನಿಮ್ಮ ಕಾರಿನ ಪೈಪು, ಸೀಲುಗಳು ಇ20ಗೆ ಒಗ್ಗುತ್ತವಾ ಅಂತ ಮ್ಯಾನುಯಲ್ ನೋಡೋದನ್ನೂ ಮರೀಬೇಡಿ.

ಐದನೆಯದು: ಮ್ಯಾಪ್, ಮತ್ತು ಟ್ಯೂನರ್‌ಗೆ ಕೇಳಬೇಕಾದದ್ದು

ಟ್ಯೂನಿಂಗ್ ಬಾಕ್ಸ್ ಅಗ್ಗ, ಸರ್ವಿಸಿಗೆ ಹೋಗುವಾಗ ಕಳಚಿಡಬಹುದು. ಆದರೆ ಅದು ಸೆನ್ಸರಿನ ಮಾತನ್ನು ತಿರುಚಿ ಇಸಿಯುಗೆ ಸುಳ್ಳು ಹೇಳಿ ಬೂಸ್ಟ್ ಏರಿಸುತ್ತದೆ. ಟೈಮಿಂಗ್, ಲ್ಯಾಂಬ್ಡಾ ಎರಡರ ಮೇಲೂ ನೇರ ಹಿಡಿತ ಇರಬೇಕಾದರೆ ಇಸಿಯು ರೀಮ್ಯಾಪ್ ಆಗಬೇಕು. ನನ್ನ ಒಲವು ಅದಕ್ಕೇ.

ಟ್ಯೂನರ್ ಹತ್ತಿರ ಕುದುರೆ ಎಷ್ಟು ಅಂತ ಕೇಳುವ ಮೊದಲು ಇದನ್ನು ಕೇಳಿ: ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ ಎಷ್ಟಿಡ್ತೀರಿ? 0.80ರಿಂದ 0.88ರ ಒಳಗಿನ ಉತ್ತರ ಸಾಮಾನ್ಯ. 1ಕ್ಕೆ ಹತ್ತಿರ ಇಟ್ಟರೆ ಮೈಲೇಜ್ ಚೆಂದ ಕಾಣುತ್ತದೆ, ಎಕ್ಸಾಸ್ಟ್ ಬಿಸಿ ಏರಿ ಟರ್ಬೊ ಬೇಯುತ್ತದೆ. ಕಂಪನಿಯ ಮೂಲ ಮ್ಯಾಪ್ ಫೈಲ್ ಉಳಿಸಿಡ್ತೀರಾ, ಬೇಕಾದಾಗ ವಾಪಸ್ ಹಾಕ್ತೀರಾ? 2000 ಆರ್‌ಪಿಎಂ ಕೆಳಗೆ ಟಾರ್ಕ್ ಎಷ್ಟು ಬಿಡ್ತೀರಿ?

ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಲ್ಲ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಂ, ಭಾರಿ ಲೋಡ್ ಸೇರಿದಾಗ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಕಾಯಿಲೆ ಇದೆ. ಎಲ್‌ಎಸ್‌ಪಿಐ ಅಂತಾರೆ. ಒಂದೇ ಪೆಟ್ಟಿಗೆ ಪಿಸ್ಟನ್ ರಿಂಗ್ ಕೂರುವ ಜಾಗ ಒಡೆಯಬಹುದು. ಟೈಮಿಂಗ್ ಹಿಂದೆಳೆದರೂ ಇದು ನಿಲ್ಲಲ್ಲ, ಯಾಕಂದರೆ ಬೆಂಕಿ ಹಚ್ಚಿದ್ದು ಕಿಡಿಯಲ್ಲ. ಇದಕ್ಕೆ ಮದ್ದು ಮೂರು. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಮೆಲ್ಲಗೆ ಏರುವ ಮ್ಯಾಪ್. ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್, ಜೊತೆಗೆ ನಿಮ್ಮ ಕಂಪನಿ ಹೇಳಿದ ಮಾನದಂಡವೂ ಇರಲಿ. ಮೂರನೆಯದು ನಿಮ್ಮ ಕಾಲು: ಐದನೇ ಗೇರಿನಲ್ಲಿ 1500ರಲ್ಲಿ ಪೂರ್ತಿ ಒತ್ತಬೇಡಿ, ಗೇರ್ ಇಳಿಸಿ.

ಊರಿನ ಎತ್ತರವನ್ನೂ ಹೇಳಿಬಿಡುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಒಟ್ಟು 2 ಬಾರ್ ಬೇಕಂದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಸುಮಾರು ಎರಡು ಪಟ್ಟು ಒತ್ತಿದರೆ ಸಾಕು, ಬೆಂಗಳೂರಿನಲ್ಲಿ 2.2 ಪಟ್ಟು ಒತ್ತಬೇಕು. ಇಲ್ಲಿ ಟರ್ಬೊಗೆ ದುಡಿಮೆ ಜಾಸ್ತಿ. ಇನ್ನೊಂದು ಕಡೆ ಬೆಂಗಳೂರಿನ ತಂಪು ಬೆಳಿಗ್ಗೆ ಡೈನೊ ಮೇಲೆ ಚೆನ್ನಾಗಿದ್ದ ಮ್ಯಾಪ್ ಏಪ್ರಿಲ್‌ನ ರಾಯಚೂರಿನಲ್ಲಿ ನಾಕ್ ಮಾಡಬಹುದು. ಬಿಸಿ ಗಾಳಿಗೆ ಟೈಮಿಂಗ್ ತಗ್ಗಿಸುವ ಕೋಷ್ಟಕವನ್ನು ಕೆಲವರು ಆಸೆಗೆ ಬಿದ್ದು ಸಡಿಲ ಮಾಡುತ್ತಾರೆ. ಅದನ್ನು ಮುಟ್ಟಬೇಡಿ ಅಂತ ಬಾಯಿಬಿಟ್ಟು ಹೇಳಿ.

ಆರನೆಯದು: ಇಂಜೆಕ್ಟರ್, ಪಂಪ್ ಯಾರಿಗೆ ಬೇಕು

ಬರೀ ಸಾಫ್ಟ್‌ವೇರ್ ಮಟ್ಟದಲ್ಲಿ ನಿಲ್ಲುವವರಿಗೆ ಸಾಮಾನ್ಯವಾಗಿ ಬೇಡ. ಟರ್ಬೊವನ್ನೇ ದೊಡ್ಡದು ಮಾಡುವವರಿಗೆ ಬೇಕು. ನೇರ ಇಂಜೆಕ್ಷನ್ ಕಾರಿನಲ್ಲಿ ಎರಡು ಪಂಪ್ ಇರುತ್ತವೆ. ಟ್ಯಾಂಕಿನೊಳಗೆ ಒಂದು, ಕ್ಯಾಮ್‌ಶಾಫ್ಟ್ ಒತ್ತುವ ಹೈ ಪ್ರೆಶರ್ ಪಂಪ್ ಇನ್ನೊಂದು. ಎರಡನೆಯದು ನೂರಾರು ಬಾರ್ ಕೊಡುವಂಥದ್ದು, ಖರ್ಚೂ ಹಾಗೇ. ಲಾಗ್‌ನಲ್ಲಿ ರೈಲ್ ಪ್ರೆಶರ್ ಬಿದ್ದದ್ದು ಕಣ್ಣಾರೆ ಕಾಣದೆ ಅದಕ್ಕೆ ಕೈ ಹಾಕಬೇಡಿ.

ಹಳೆಯ ಸ್ಕೋಡಾ ಆಕ್ಟೇವಿಯಾ 1.8 ಟರ್ಬೊದಂಥ ಪೋರ್ಟ್ ಇಂಜೆಕ್ಷನ್ ಕಾರಿಗೆ, ಅಂದರೆ ಪೆಟ್ರೋಲನ್ನು ಸಿಲಿಂಡರಿನ ಹೊರಗೆ ಗಾಳಿದಾರಿಯಲ್ಲಿ ಸಿಂಪಡಿಸುವ ಕಾರಿಗೆ, ಲೆಕ್ಕ ಸುಲಭ. ಟರ್ಬೊ ಎಂಜಿನ್ನಿಗೆ ಒಂದು ಕುದುರೆ ಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಅಂತ ಇಟ್ಟುಕೊಳ್ಳಿ. 200 ಕುದುರೆಗೆ 1260 ಸಿಸಿ. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 315. ಇಂಜೆಕ್ಟರ್ ಸದಾ ತೆರೆದೇ ಇರಬಾರದು, ಶೇ. 80ಕ್ಕೆ ನಿಲ್ಲಿಸಬೇಕು. 315 ಭಾಗಿಸು 0.8, ಅಂದರೆ 394. ಇ20ಗೆ ಶೇ. 7ರಷ್ಟು ಸೇರಿಸಿದರೆ 420. ಅಂಗಡಿಯಲ್ಲಿ ಸಿಗುವ 440 ಸಿಸಿ ಇಂಜೆಕ್ಟರ್ ಇದಕ್ಕೆ ಸರಿ. "ಮುಂದೆ ಬೇಕಾಗಬಹುದು" ಅಂತ 1000 ಸಿಸಿ ಹಾಕಿದರೆ ಐಡಲ್‌ನಲ್ಲಿ ಹನಿ ಅಳೆದು ಬಿಡೋದೇ ಕಷ್ಟ. ಇಂಜೆಕ್ಟರ್ ಜೊತೆ ಅದರ ಡೆಡ್ ಟೈಮ್ (ಆಜ್ಞೆ ಬಂದ ಮೇಲೆ ತೆರೆಯಲು ಹಿಡಿಯುವ ಹೊತ್ತು) ಅಂಕಿಗಳನ್ನೂ ಕೇಳಿ ಪಡೆಯಿರಿ. ಅದಿಲ್ಲದೆ ಟ್ಯೂನರ್ ಕತ್ತಲಲ್ಲಿ ತಡಕಾಡುತ್ತಾರೆ.

ಪೆಟ್ರೋಲ್ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಮ್ಯಾನಿಫೋಲ್ಡಿಗೆ ಜೋಡಿಸಿದ್ದರೆ ಬೂಸ್ಟ್ ಏರಿದಷ್ಟೇ ಪೆಟ್ರೋಲ್ ಒತ್ತಡವೂ ಏರುತ್ತದೆ. ಮೂಲ ಒತ್ತಡ 3 ಬಾರ್, ಬೂಸ್ಟ್ 1 ಬಾರ್ ಆದರೆ ಪಂಪ್ 4 ಬಾರ್ ವಿರುದ್ಧ ತಳ್ಳಬೇಕು. ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕ ಕಡಿಮೆ ಒತ್ತಡದ್ದಿರಬಹುದು. 4 ಬಾರ್‌ನಲ್ಲಿ ಎಷ್ಟು ಅಂತ ನೋಡಿ ಕೊಳ್ಳಿ.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪುಸ್ತಕದ ವಿವರಕ್ಕೂ ಕಂಪನಿ ಕೊಟ್ಟ ಮೂಲ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಸವೆದ ಪ್ಲಗ್ ಬದಲಿಸುವುದು ಮಾಮೂಲಿ ಸರ್ವಿಸ್. ಶಕ್ತಿ ಏರಿಸುವ ಕೆಲಸ ಹಾಗಲ್ಲ. ವಾರಂಟಿ ಇರುವ ಕಾರಾದರೆ ಅದು ಮುಗಿಯುವವರೆಗೆ ಕಾಯಿರಿ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದರೆ ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಂತೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವ ಸಲಹೆ ಬಂದರೆ ಖಂಡಿತ ಬೇಡ ಅನ್ನಿ. ಆ ಹೊಗೆ ಕುಡಿಯೋದು ನಮ್ಮ ಮಕ್ಕಳೇ.

ಸಾವಿರ ಕಿಲೋಮೀಟರ್ ಆದ ಮೇಲೆ

ಎಂಜಿನ್ ತಣ್ಣಗಿರುವಾಗ ಪ್ಲಗ್ ಬಿಚ್ಚಿ, ಬಂದ ಕ್ರಮದಲ್ಲೇ ಬಿಳಿ ಬಟ್ಟೆ ಮೇಲೆ ಸಾಲಾಗಿಡಿ. ಬಿಸಿಲಿನಲ್ಲಿ ನೋಡಿ, ಭೂತಗನ್ನಡಿ ಇದ್ದರೆ ಒಳ್ಳೆಯದು. ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ನೆಮ್ಮದಿ. ಒಣ ಕಪ್ಪು ಮಸಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ ಅಥವಾ ಪ್ಲಗ್ ತೀರಾ ತಣ್ಣನೆಯದು. ಒಂದು ಮಾತ್ರ ಎಣ್ಣೆ ಹತ್ತಿ ಹೊಳೆಯುತ್ತಿದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಿ. ಸುಣ್ಣದಂತೆ ಬೆಳ್ಳಗಾಗಿದ್ದರೆ ಅತಿ ಬಿಸಿ. ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಕಾರನ್ನು ಅಲ್ಲಿಂದ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ, ಕಂಪನಿ ಫೈಲ್ ವಾಪಸ್ ಹಾಕಿಸಿ, ಕಂಪ್ರೆಷನ್ ಪರೀಕ್ಷೆ ಮಾಡಿಸಿ. ನನ್ನವು ಮೂರೂ ತಿಳಿ ಕಂದು ಬಂದವು. ಅಂತರ ಮತ್ತೆ ಅಳೆದೆ. 0.7 ಎಲೆ ಬಿಗಿಯಾಗಿ ಹೋಯಿತು, 0.8 ಹೋಗಲಿಲ್ಲ. ತಾರೀಖು, ಕಿಲೋಮೀಟರ್ ಎರಡನ್ನೂ ಡೈರಿಯಲ್ಲಿ ಬರೆದು, ಟಾರ್ಕ್ ರೆಂಚ್ ಎತ್ತಿಕೊಂಡೆ.